ಟಾನಿಕ್ ರಾಯರು

ತುಮಕೂರಿನಿಂದ ಹುಬ್ಬಳ್ಳಿಯವರೆಗೆ ಯಾವ ಊರಿನ ಬಂಕಿಗೆ ಹೋದರೂ ಒಬ್ಬ ಟಾನಿಕ್ ರಾಯರು ಸಿಕ್ಕೇ ಸಿಗುತ್ತಾರೆ. ಅರವತ್ತು ದಾಟಿದ ವಯಸ್ಸು, ಬ್ಯಾಂಕಿನಿಂದಲೋ ಕೆಇಬಿಯಿಂದಲೋ ನಿವೃತ್ತಿ, ಜೊತೆಗೆ 2003ರ ಒಂದು ಕ್ವಾಲಿಸ್. ಡಿಕ್ಕಿ ತೆಗೆದರೆ ಒಂದು ರಟ್ಟಿನ ಡಬ್ಬ. ಅದರೊಳಗೆ ಹಳದಿ, ನೀಲಿ, ಕಪ್ಪು ಬಾಟಲಿಗಳು, ಒಂದು ಪ್ಲಾಸ್ಟಿಕ್ ಲಾಳಿಕೆ, ಮೊಮ್ಮಗಳ ಕೆಮ್ಮಿನ ಔಷಧಿಯ ಜೊತೆ ಬಂದಿದ್ದ ಅಳತೆಯ ಮುಚ್ಚಳ. ಬಂಕಿನ ಹುಡುಗ ‘ಝೀರೋ ನೋಡ್ಕೊಳ್ಳಿ ಸಾರ್’ ಅನ್ನುವುದರೊಳಗೆ ಲಾಳಿಕೆ ಟ್ಯಾಂಕಿನ ಬಾಯಲ್ಲಿರುತ್ತದೆ. ಮೊದಲು ಟಾನಿಕ್, ಆಮೇಲೆ ಡೀಸೆಲ್; ಹಾಗಾದರೇ ಚೆನ್ನಾಗಿ ಬೆರೆಯುವುದು. (ಈ ಒಂದು ವಿಷಯದಲ್ಲಿ ಅವರು ಹೇಳುವುದು ನೂರಕ್ಕೆ ನೂರು ಸರಿ.) ಹಿಂದೆ ನಿಂತ ಟೆಂಪೋದವನು ಹಾರ್ನ್ ಹೊಡೆದರೆ ರಾಯರು ಸಿಟ್ಟಾಗುವುದಿಲ್ಲ, ಕನಿಕರಪಡುತ್ತಾರೆ. ‘ಈಗಿನ ಡೀಸೆಲಲ್ಲಿ ಏನಿದೆ ಸ್ವಾಮಿ, ಬರೀ ನೀರು. ನಿಮ್ಮ ಪಂಪು ಇನ್ನೆಷ್ಟು ದಿನ?’

ರಾಯರನ್ನು ನೋಡಿ ನಗುವುದು ಸುಲಭ, ಆದರೆ ಅವರ ಭಯ ಗಾಳಿಯಲ್ಲಿ ಹುಟ್ಟಿದ್ದಲ್ಲ. ವಾಹನದ ಹೊಗೆಗೆ ಮಿತಿ ಹಾಕುವ ಭಾರತ್ ಸ್ಟೇಜ್ ನಿಯಮಗಳಲ್ಲಿ, ಬಿಎಸ್-3ರ ಡೀಸೆಲಿನಲ್ಲಿ ಹತ್ತು ಲಕ್ಷ ಪಾಲಿಗೆ 350 ಪಾಲು ಗಂಧಕ ಇರಬಹುದಾಗಿತ್ತು, ಬಿಎಸ್-4ರಲ್ಲಿ ಅದು 50ಕ್ಕೆ ಇಳಿಯಿತು, ಬಿಎಸ್-6ರೊಂದಿಗೆ 2020ರ ಏಪ್ರಿಲ್ 1ರಿಂದ ದೇಶದಾದ್ಯಂತ 10ಕ್ಕೆ ಬಂತು. ಇಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಹಳೇ ರೋಟರಿ ಪಂಪಿನಲ್ಲಿ ಬೇರೆ ಆಯಿಲ್ ಇರುವುದಿಲ್ಲ, ಒಳಗಿನ ಭಾಗಗಳು ಜಾರುವುದು ಡೀಸೆಲಿನ ಜಿಡ್ಡಿನಲ್ಲೇ. ಪ್ಲಂಜರಿಗೂ ಅದು ಓಡಾಡುವ ಬ್ಯಾರೆಲಿಗೂ ನಡುವೆ ಇರುವುದು ಎರಡು ಮೂರು ಮೈಕ್ರಾನ್ ಸಂದು. ಗಂಧಕವೇ ಎಣ್ಣೆಯ ಕೆಲಸ ಮಾಡುತ್ತಿತ್ತು ಎಂದು ರಾಯರು ತಿಳಿದಿದ್ದಾರೆ, ಅದು ಪೂರ್ತಿ ನಿಜವಲ್ಲ. ಗಂಧಕ ತೆಗೆಯಲು ರಿಫೈನರಿಯಲ್ಲಿ ಡೀಸೆಲನ್ನು ಹೈಡ್ರೋಜನ್ ಜೊತೆ ಕಾಯಿಸುವಾಗ, ಲೋಹಕ್ಕೆ ಅಂಟಿ ಪದರ ಕಟ್ಟುವ ಬೇರೆ ಸೂಕ್ಷ್ಮ ಪದಾರ್ಥಗಳೂ ಅದರ ಜೊತೆಗೇ ಹೋಗಿಬಿಡುತ್ತವೆ. ಜಿಡ್ಡು ಕಡಿಮೆಯಾಗುವುದು ಹೀಗೆ. 1990ರ ದಶಕದ ಆರಂಭದಲ್ಲಿ ಸ್ವೀಡನ್ ತೆರಿಗೆ ರಿಯಾಯಿತಿ ಕೊಟ್ಟು ಗಂಧಕ ತೆಗೆದ ಡೀಸೆಲನ್ನು ಬಳಕೆಗೆ ತಂದಾಗ ಅಲ್ಲಿನ ಗಾಡಿಗಳ ರೋಟರಿ ಪಂಪುಗಳು ಅಕಾಲದಲ್ಲಿ ಸವೆದು ಕೂತವು. ಅಂದರೆ ಕಾಯಿಲೆ ನಿಜವಾದದ್ದೇ. ರಾಯರು ತಪ್ಪಿದ್ದು ಔಷಧಿ ಇನ್ನೂ ಯಾರೂ ಕೊಟ್ಟಿಲ್ಲ ಎಂದುಕೊಂಡಿದ್ದರಲ್ಲಿ.

ಸ್ವೀಡನ್ನಿನ ಪಾಠವನ್ನು ಇಂಧನ ಜಗತ್ತು ಮೂವತ್ತು ವರ್ಷದ ಹಿಂದೆಯೇ ಕಲಿತು ಮುಗಿಸಿದೆ. ಡೀಸೆಲಿನ ಜಿಡ್ಡು ಪರೀಕ್ಷಿಸಲು ಒಂದು ಪುಟ್ಟ ಉಕ್ಕಿನ ಗುಂಡನ್ನು ಅರವತ್ತು ಡಿಗ್ರಿ ಬಿಸಿಯ ಡೀಸೆಲಿನಲ್ಲಿ ಮುಳುಗಿಸಿ, ಮೇಲೆ ಇನ್ನೂರು ಗ್ರಾಂ ಭಾರ ಹೇರಿ, ಉಕ್ಕಿನ ಬಿಲ್ಲೆಯ ಮೇಲೆ ಎಪ್ಪತ್ತೈದು ನಿಮಿಷ ಉಜ್ಜುತ್ತಾರೆ. ಗುಂಡಿನ ಮೇಲೆ ಮೂಡಿದ ಸವೆತದ ಗುರುತು 460 ಮೈಕ್ರಾನ್ ಮೀರಬಾರದು. ನಮ್ಮ ಐಎಸ್ 1460 ಮಾನದಂಡದಲ್ಲೂ ಇರುವುದು ಇದೇ ಮಿತಿ. ಡೀಸೆಲ್ ಆ ಪರೀಕ್ಷೆ ಪಾಸಾಗಲೆಂದು ಮಂಗಳೂರಿನ ಎಂಆರ್‌ಪಿಎಲ್ ಆಗಲಿ ಇನ್ನೊಂದು ರಿಫೈನರಿಯಾಗಲಿ ಜಿಡ್ಡಿನ ಅಡಿಟಿವ್ ಬೇಕಾದಷ್ಟು ಬೆರೆಸಿಯೇ ಡೀಸೆಲನ್ನು ಹೊರಗೆ ಕಳಿಸಬೇಕು. ಬೆರೆಸುವುದು ಎಷ್ಟು ಅಂತೀರಿ? ಕಿಲೋಗೆ ಸಾಮಾನ್ಯವಾಗಿ ನೂರು ಇನ್ನೂರು ಮಿಲಿಗ್ರಾಂ. ಅರವತ್ತು ಲೀಟರ್ ಟ್ಯಾಂಕಿಗೆ ಲೆಕ್ಕ ಹಾಕಿದರೆ ಹೆಚ್ಚೆಂದರೆ ಎರಡು ಚಮಚ. ಆ ಎರಡು ಚಮಚದ ದುಡ್ಡನ್ನು ರಾಯರು ಲೀಟರಿನ ರೇಟಿನಲ್ಲೇ ಕೊಟ್ಟಾಗಿದೆ. ಲಾಳಿಕೆಯಿಂದ ಇಳಿಯುವುದು ಎರಡನೇ ಡೋಸು.

‘ಹಾಗಾದರೆ ಹಾಕಿದ ದಿನ ಇಂಜಿನ್ ಮೆತ್ತಗೆ ಓಡುವುದೇಕೆ?’ ಎಂದು ರಾಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಕೆಲವು ಬಾಟಲಿಗಳಲ್ಲಿ ಸೆಟೇನ್ ಹೆಚ್ಚಿಸುವ ದ್ರವ್ಯ ಇರುತ್ತದೆ. ಡೀಸೆಲ್ ಬೇಗ ಹೊತ್ತಿಕೊಂಡು ಬೆಳಗಿನ ಟಕಟಕ ನಿಜಕ್ಕೂ ಕಡಿಮೆಯಾಗಬಹುದು. ನಾಜಲಿನ ತುದಿಯಲ್ಲಿ ಕಟ್ಟಿದ ಇಂಗಾಲವನ್ನು ಮೆಲ್ಲಗೆ ಬಿಡಿಸುವ ಡಿಟರ್ಜೆಂಟುಗಳೂ ಸುಳ್ಳಲ್ಲ, ಒಳ್ಳೆಯದನ್ನು ಬಳಸಿದರೆ ಹೊಗೆ ತಗ್ಗುತ್ತದೆ. ಆದರೆ ರಾಯರು ಬಾಟಲಿ ಹಾಕಿದ ದಿನವೇ ಟೈರಿಗೆ ಗಾಳಿ ಹಿಡಿಸುತ್ತಾರೆ, ಏರ್ ಫಿಲ್ಟರ್ ಕೊಡವುತ್ತಾರೆ, ಮೈಲೇಜ್ ನೋಡಬೇಕೆಂದು ಐವತ್ತರ ಮೇಲೆ ಹೋಗುವುದಿಲ್ಲ. ಆಮೇಲೆ ಬಂದ ಕೀರ್ತಿಯೆಲ್ಲ ಬಾಟಲಿಗೆ. ಇನ್ನು ಲೇಬಲ್ ಓದುವ ಅಭ್ಯಾಸ ಅವರಿಗಿಲ್ಲ. ಅವರ ನೆಚ್ಚಿನ ನೀಲಿ ಬಾಟಲಿ ಕೊರೆಯುವ ಚಳಿಯಲ್ಲಿ ಡೀಸೆಲ್ ಗಟ್ಟಿಯಾಗದಂತೆ ತಡೆಯಲು ಮಾಡಿದ್ದು. ಬೆಂಗಳೂರು ಕಂಡ ಅತಿ ಕಡಿಮೆ ತಾಪಮಾನ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ರಾಯರು ಆ ಬಾಟಲಿ ಸುರಿಯುವುದು ದಾವಣಗೆರೆಯಲ್ಲಿ, ಏಪ್ರಿಲ್ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ. ಟೂಟಿ ಆಯಿಲ್ ಪಂಗಡದವರು ಇನ್ನೊಂದು ಕವಲು. ಸ್ಕೂಟರಿಗೆ ಹಾಕುವ ಆ ಎಣ್ಣೆ ಡೀಸೆಲಿಗೆ ಒಂದಿಷ್ಟು ಜಿಡ್ಡು ಕೊಟ್ಟೀತು, ಆದರೆ ಅದು ಪೆಟ್ರೋಲಿಗೆಂದು ಮಾಡಿದ್ದು. ಹಳೇ ಗಾಡಿ ಹೇಗೋ ತಡೆದುಕೊಳ್ಳುತ್ತದೆ. ರಾಯರ ಮಾತು ಕೇಳಿ ಅಳಿಯ ತನ್ನ ಬಿಎಸ್-6 ಕಾರಿಗೂ ಅದನ್ನೇ ಸುರಿದರೆ ಅದರ ಬೂದಿ ಸೈಲೆನ್ಸರ್ ದಾರಿಯ ಫಿಲ್ಟರಿನಲ್ಲಿ ಕೂರುತ್ತದೆ, ಆ ಬಿಲ್ಲು ನೋಡಿದ ಮೇಲೆ ಮಾವ ಅಳಿಯ ಮಾತಾಡುವುದು ಕಷ್ಟ.

ಕೊನೆಯ ಆಕ್ಷೇಪ ಎಲ್ಲಕ್ಕಿಂತ ಗಟ್ಟಿಯಾದದ್ದು: ‘ಹಾಕಿದರೆ ನಷ್ಟವೇನ್ರೀ?’ ಅಳತೆ ಮೀರದಿದ್ದರೆ ಬಾಟಲಿಯಿಂದ ಹೆಚ್ಚೇನೂ ನಷ್ಟವಿಲ್ಲ. ನಷ್ಟವಾಗುವುದು ಬಾಟಲಿ ಕೊಡುವ ನೆಮ್ಮದಿಯಿಂದ. ಟಾನಿಕ್ ಹಾಕಿದ್ದೇನೆ ಎಂಬ ಧೈರ್ಯದಲ್ಲಿ ಡೀಸೆಲ್ ಫಿಲ್ಟರನ್ನು ಇನ್ನೊಂದು ವರ್ಷ ಓಡಿಸುತ್ತಾರೆ. ಬೆಂಗಳೂರಿನ ಆಡುಗೋಡಿಯಲ್ಲಿ ಡೀಸೆಲ್ ಪಂಪು ಮಾಡುತ್ತಿದ್ದ ಮೈಕೋ ಕಾರ್ಖಾನೆಯ ದಯೆಯಿಂದ ಪಂಪ್ ಕ್ಯಾಲಿಬ್ರೇಷನ್ ಅಂಗಡಿಗಳಿಗೆ ನಮ್ಮಲ್ಲಿ ಬರವಿಲ್ಲ. ಅಂಥ ಅಂಗಡಿಯ ಬೆಂಚಿನ ಮೇಲೆ ಬಿಚ್ಚಿಟ್ಟ ಹಳೇ ಪಂಪನ್ನು ನೋಡಿ: ಕನ್ನಡಿಯ ಹಾಗೆ ಹೊಳೆಯಬೇಕಾದ ಪ್ಲಂಜರಿನ ಮೇಲೆ ಕಂದು ಬಣ್ಣದ ತುಕ್ಕಿನ ಕಲೆ, ಉದ್ದಕ್ಕೆ ಉಗುರಿಗೆ ಸಿಗುವ ಗೀರು, ಗಟ್ಟಿಯಾಗಿ ಸೀಳಿದ ರಬ್ಬರ್ ಸೀಲು. ತುಕ್ಕು ನೀರಿನಿಂದ ಬಂದದ್ದು, ಗೀರು ಧೂಳಿನಿಂದ, ಸೀಲು ಸೀಳಿದ್ದು ವಯಸ್ಸಿನಿಂದ. ಅರ್ಧ ಖಾಲಿ ಟ್ಯಾಂಕಿನ ಗಾಡಿಯನ್ನು ಇಡೀ ಮಳೆಗಾಲ ನಿಲ್ಲಿಸಿದರೆ ಗಾಳಿಯ ತೇವ ಟ್ಯಾಂಕಿನ ಒಳಗೋಡೆಯ ಮೇಲೆ ನೀರಾಗಿ ಇಳಿಯುತ್ತದೆ, ಆ ನೀರಿಗೂ ಡೀಸೆಲಿಗೂ ನಡುವೆ ಸೂಕ್ಷ್ಮಜೀವಿಗಳು ಬೆಳೆದು ಫಿಲ್ಟರಿಗೆ ಲೋಳೆ ಕಟ್ಟುತ್ತವೆ. ಅಂಥ ಗಾಡಿಗೆ ಆ ಜೀವಿಗಳನ್ನು ಕೊಲ್ಲುವ ಔಷಧಿ ಒಂದು ಸಲ ಹಾಕುವುದು ಸಮಂಜಸವೇ. ಆದರೆ ತಳದ ನೀರು ಯಾವ ಬಾಟಲಿಗೂ ಹೆದರಿ ಓಡುವುದಿಲ್ಲ, ಅದನ್ನು ಹೊರಗೆ ಬಿಡಬೇಕು.

ಆದ್ದರಿಂದ ರಾಯರೇ, ಡಬ್ಬ ಡಿಕ್ಕಿಯಲ್ಲೇ ಇರಲಿ, ಅದನ್ನು ಎಸೆಯಿರಿ ಎನ್ನುವ ಧೈರ್ಯ ನಿಮ್ಮ ಮನೆಯವರಿಗೇ ಇಲ್ಲ. ಈ ತಿಂಗಳು ಒಂದು ಬಾಟಲಿಯ ದುಡ್ಡಿನಲ್ಲಿ ಹೊಸ ಡೀಸೆಲ್ ಫಿಲ್ಟರ್ ಹಾಕಿಸಿ. ಮುಂದಿನ ಸಲ ಬಂಕಿಗೆ ಹೊರಡುವ ಮುಂಚೆ ಫಿಲ್ಟರಿನ ಕೆಳಗಿನ ಡ್ರೈನ್ ಸ್ಕ್ರೂ ಸಡಿಲಿಸಿ, ಇಳಿದದ್ದನ್ನು ಗಾಜಿನ ಲೋಟದಲ್ಲಿ ಹಿಡಿದು ಐದು ನಿಮಿಷ ಬಿಡಿ. ನೀರಿದ್ದರೆ ತಳದಲ್ಲಿ ನಿಲ್ಲುತ್ತದೆ. ಆ ಲೋಟವನ್ನು ಮಾತ್ರ ಮತ್ತೆ ಅಡುಗೆಮನೆಗೆ ತರಬೇಡಿ.