ಇನ್ನೊಬ್ಬರ ಅಡುಗೆಮನೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದವರು ಕಟ್ಟಿದ ಮನೆ ಕೊಂಡು ನೋಡು ಅಂತ ಯಾಕೆ ಸೇರಿಸಲಿಲ್ಲವೋ. ಆ ಕಾಲದಲ್ಲಿ ಮನೆ ಮಾರುವವರು ಮಾನಕ್ಕಂಜಿ ಸದ್ದಿಲ್ಲದೆ ಮಾರಿ ಊರು ಬಿಡುತ್ತಿದ್ದಿರಬೇಕು. ಈಗ ಹಾಗಲ್ಲ. ಚಿಕ್ಕಬಳ್ಳಾಪುರದಲ್ಲಿ ನಾನು ಟೀ ಕುಡಿಯುವ ಅಂಗಡಿಯೊಂದರಲ್ಲೇ ಇಬ್ಬರು ಬ್ರೋಕರ್‌ಗಳು ಸಿಗುತ್ತಾರೆ. ಮೂರನೆಯವನು ಅಂಗಡಿಯವನೇ.

ನಮ್ಮ ಮನೆಯಲ್ಲಿ ಈ ವಿಷಯಕ್ಕೆ ಎರಡು ಪಕ್ಷ. ನನ್ನದು ಕೊಳ್ಳುವ ಪಕ್ಷ. ಇದು ದೂರದೃಷ್ಟಿ ಅಂತ ನಾನು, ಸೋಮಾರಿತನ ಅಂತ ನನ್ನ ಹೆಂಡತಿ. ಅವಳದು ಕಟ್ಟುವ ಪಕ್ಷ. "ಇನ್ನೊಬ್ಬರು ಒಗ್ಗರಣೆ ಹಾಕಿದ ಅಡುಗೆಮನೆಯಲ್ಲಿ ನಾನು ಯಾಕ್ರೀ ಬಸ್ಸಾರು ಮಾಡಲಿ?" ಎಂಬುದು ಅವಳ ಮೂಲಭೂತ ಪ್ರಶ್ನೆ. ಈ ಬಾಡಿಗೆ ಮನೆಯಲ್ಲಿ ಇಷ್ಟು ವರ್ಷ ಬಸ್ಸಾರು ಕುದಿದದ್ದು ಯಾರ ಅಡುಗೆಮನೆಯಲ್ಲಿ ಎಂದು ಕೇಳುವಷ್ಟು ದಡ್ಡ ನಾನಲ್ಲ.

ಸರಿ, ಸೈಟು ನೋಡಲು ಹೊರಟೆವು. 2007ರಲ್ಲಿ ಕೋಲಾರದಿಂದ ಬೇರೆಯಾಗಿ ನಮ್ಮದೇ ಜಿಲ್ಲೆಯಾಯಿತು. ಮರುವರ್ಷ ದೇವನಹಳ್ಳಿಯಲ್ಲಿ ವಿಮಾನ ಇಳಿಯಿತು. ಅಂದಿನಿಂದ ಎಷ್ಟೋ ದ್ರಾಕ್ಷಿ ತೋಟಗಳ ಕಲ್ಲುಕಂಬ ಕಿತ್ತು ಅಲ್ಲಿ ಲೇಔಟಿನ ಗಡಿಕಲ್ಲು ನೆಟ್ಟಿದ್ದಾರೆ. ಪ್ರತಿ ಸೈಟೂ ಏರ್‌ಪೋರ್ಟಿಗೆ 'ಬರೀ ಅರ್ಧ ಗಂಟೆ'. ಗೌರಿಬಿದನೂರಿನಾಚೆ ಹಿಂದೂಪುರದ ಬೋರ್ಡು ಕಾಣುವ ಕಡೆ ಇದ್ದದ್ದೂ ಅರ್ಧ ಗಂಟೆಯೇ. ವಿಮಾನದಲ್ಲೇ ಹೋದರೆ ಇದ್ದೀತು. 2023ರ ಜನವರಿಯಲ್ಲಿ ಆವಲಗುರ್ಕಿಯಲ್ಲಿ 112 ಅಡಿಯ ಆದಿಯೋಗಿ ಅನಾವರಣವಾದ ಮೇಲೆ ಇನ್ನೊಂದು ಆಕರ್ಷಣೆ ಸೇರಿತು, ಟೆರೇಸಿನಿಂದ ದರ್ಶನ. ಪಾಯವನ್ನೇ ತೋಡದ ಸೈಟಿನಲ್ಲಿ ಬ್ರೋಕರ್ ನನ್ನನ್ನು ಟೆರೇಸಿನ ಮೇಲೆ ನಿಲ್ಲಿಸಿ ಕೈ ತೋರಿಸಿದ. ನಾನೂ ಕಂಡವನಂತೆ ಕೈ ಮುಗಿದೆ.

"ಕನ್ವರ್ಷನ್ ಆಗಿದೆಯಾ?"

"ಆಗ್ತದೆ ಸಾರ್."

"ಇ-ಖಾತೆ?"

"ಬರ್ತದೆ ಸಾರ್."

"ನೀರು?"

ಇದಕ್ಕೆ ಮಾತ್ರ ಆತ ಆಕಾಶ ನೋಡಿದ. ನಂದಿಬೆಟ್ಟದ ಸುತ್ತ ಪಿನಾಕಿನಿ, ಪಾಲಾರ್, ಚಿತ್ರಾವತಿ ಹುಟ್ಟುತ್ತವೆ ಎಂದು ಮೇಷ್ಟ್ರು ಹೇಳಿಕೊಟ್ಟಿದ್ದರು. ಹುಟ್ಟಿದ ಮೇಲೆ ಎಲ್ಲಿಗೆ ಹೋದವು ಎಂದು ಕೇಳಿದರೆ ಬೆಂಚಿನ ಮೇಲೆ ನಿಲ್ಲಬೇಕಿತ್ತು. ಬೋರು ಸಾವಿರ ಅಡಿ ದಾಟಿದರೂ ಬರೀ ಧೂಳು ಬರುವ ಸೀಮೆ ಇದು. ಅಂತರ್ಜಲ ಏರಲೆಂದು ಈಗ ನಮ್ಮ ಕೆರೆಗಳಿಗೆ ಎಚ್.ಎನ್. ವ್ಯಾಲಿ ಯೋಜನೆಯ ನೀರು ಬಿಡುತ್ತಾರೆ. ಅಂದರೆ ಬೆಂಗಳೂರಿನವರು ಮಿಂದು ತೊಳೆದು ಬಿಟ್ಟದ್ದನ್ನು ಸಂಸ್ಕರಿಸಿ ಕಳಿಸಿದ್ದು. ಊರಿಗೂರೇ ಇನ್ನೊಬ್ಬರ ಬಚ್ಚಲನ್ನು ನಂಬಿಕೊಂಡು ಕೂತಿರುವಾಗ ಇನ್ನೊಬ್ಬರ ಅಡುಗೆಮನೆ ಯಾವ ಮಹಾ ಎಂದು ನಾನು ವಾದಿಸಿದೆ. ವಾದ ಚೆನ್ನಾಗಿತ್ತು, ಫಲ ಕೊಡಲಿಲ್ಲ. ಹೆಂಡತಿ ಬೋರ್ ಪಾಯಿಂಟ್ ನೋಡುವವನನ್ನು ಕರೆಸಿದಳು. ಆತ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಸೈಟಿನ ಉದ್ದಗಲ ನಡೆದ. ಕಾಯಿ ಎದ್ದು ನಿಂತದ್ದು ಪಕ್ಕದ ಸೈಟಿನಲ್ಲಿ.

ಕಟ್ಟುವ ಸುದ್ದಿ ಹಬ್ಬಿದ್ದೇ ತಡ, ಸಲಹೆಗಾರರು ಬಂದರು. ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಮುದ್ದೇನಹಳ್ಳಿ ನಮ್ಮ ತಾಲ್ಲೂಕಿನದೇ ಆದ್ದರಿಂದ ಇಲ್ಲಿ ಎಲ್ಲರೂ ಅಷ್ಟಿಷ್ಟು ಇಂಜಿನಿಯರ್‌ಗಳೇ. ಕನ್ನಂಬಾಡಿ ಕಟ್ಟಿದವರ ಊರಿನ ಗಾಳಿ ಕುಡಿದವರಿಗೆ ಮೂವತ್ತು ನಲವತ್ತು ಸೈಟು ಯಾವ ಲೆಕ್ಕ? ಮಾವನವರು ಸೈಜುಗಲ್ಲಿನ ಪಾಯವೇ ಆಗಬೇಕೆಂದರು. ಭಾವಮೈದ ಪಿಲ್ಲರ್ ಎಂದ. ಚಿಕ್ಕಪ್ಪ, "ನಮ್ಮಪ್ಪ ಕಲ್ಲುಚಪ್ಪಡಿ ಹೊದಿಸಿದ ಮನೆ ಇವತ್ತಿಗೂ ಹಾಗೇ ನಿಂತಿದೆ ಕಣಯ್ಯಾ" ಎಂದರು. ನಿಂತಿರುವುದು ನಿಜ, ಏಪ್ರಿಲ್ ತಿಂಗಳಲ್ಲಿ ಅದರೊಳಗೆ ಯಾರೂ ಮಲಗುವುದಿಲ್ಲ ಎಂಬುದೂ ನಿಜ. ಮೇಸ್ತ್ರಿ ಒಬ್ಬನೇ ಸಲಹೆ ಕೊಡದವನು. ಎಷ್ಟು ತಿಂಗಳಲ್ಲಿ ಮೋಲ್ಡ್ ಹಾಕ್ತೀಯಪ್ಪ ಎಂದರೆ, "ಅಯಿಪೋತಾದಿ ಸಾರ್" ಎಂದು ಬೀಡಿ ಹಚ್ಚಿದ. ಅವನು ಇದೇ ಅಭಯ ಕೊಟ್ಟು ಹೋದ ಇನ್ನೊಂದು ಮನೆಯ ಕಂಬಿಗಳು ಎದುರು ಬೀದಿಯಲ್ಲೇ ತುಕ್ಕು ಹಿಡಿಯುತ್ತಿದ್ದವು.

ಹೀಗಾಗಿ ಕೆಲವು ಕಾಲ ನನ್ನ ಪಕ್ಷ ಅಧಿಕಾರಕ್ಕೆ ಬಂತು.

ಶಿಡ್ಲಘಟ್ಟದಲ್ಲಿ ನೋಡಿದ ಮನೆ ಭದ್ರವಾಗಿತ್ತು, ನಡುಮನೆ ವಿಶಾಲ. ಹಿಂದೆ ಅಲ್ಲಿ ರೇಷ್ಮೆಹುಳು ಸಾಕುತ್ತಿದ್ದರಂತೆ. ಹುಳುಗಳಿಗೆ ನಡುಮನೆ, ಮನೆಯವರಿಗೆ ಜಗಲಿ. ಹಿತ್ತಲಿನ ಶೆಡ್ಡಿನಲ್ಲಿ ನೂಲು ಬಿಚ್ಚುತ್ತಿದ್ದರು. ಬೆಂದ ಗೂಡಿನ ವಾಸನೆ ಗೋಡೆ ಬಿಟ್ಟು ಹೋಗಿರಲಿಲ್ಲ. "ಯಾವ ವಾಸನೆ?" ಎಂದರು ಮಾಲೀಕರು, ನಿಜವಾಗಿ ಆಶ್ಚರ್ಯಪಟ್ಟು. ಆದರೆ ಕಟ್ಟುವ ಕಲೆಯಲ್ಲಿ ಆ ಹುಳುವನ್ನು ಮೀರಿಸಿದವರಿಲ್ಲ. ಹಣ್ಣಾದ ಹುಳುವನ್ನು ಚಂದ್ರಂಕಿಗೆ ಬಿಟ್ಟರೆ ಎರಡು ಮೂರು ದಿನದಲ್ಲಿ ಮನೆ ಸಿದ್ಧ. ಒಳ್ಳೆಯ ಬೈವೋಲ್ಟೀನ್ ಆದರೆ ಸಾವಿರ ಮೀಟರಿನ ಒಂದೇ ಎಳೆಯಲ್ಲಿ. ಮೇಸ್ತ್ರಿ ಇಲ್ಲ, ವಾಸ್ತು ಇಲ್ಲ, ಅಡ್ವಾನ್ಸ್ ಇಲ್ಲ. ಗೃಹಪ್ರವೇಶವಾಗಿ ಕೆಲವೇ ದಿನಕ್ಕೆ ಆ ಮನೆ ಮಾರುಕಟ್ಟೆಯಲ್ಲಿ ಹರಾಜಾಗಿ, ಮಾಲೀಕನ ಸಮೇತ ಕುದಿಯುವ ನೀರಿಗೆ ಬೀಳುತ್ತದೆ. ಬ್ಯಾಂಕ್ ಸಾಲ ಮಾಡಿ ಮನೆ ಕಟ್ಟಿಸಿದ ಸ್ನೇಹಿತರಿಗೆ ಇದನ್ನು ತಮಾಷೆಯಾಗಿ ಹೇಳಿದೆ. ಅವರು ನಗಲಿಲ್ಲ.

ಗೌರಿಬಿದನೂರಿನ ಮನೆ ಹೆಂಡತಿಯ ತವರಿಗೆ ಹತ್ತಿರ, ಅದೊಂದು ಬಿಟ್ಟರೆ ದೋಷವಿರಲಿಲ್ಲ. ಅತ್ತೆಯವರೇ ಹುಡುಕಿ ಕೊಟ್ಟರು: ಆ ಜಾಗದಲ್ಲಿ ಹಿಂದೆ ಹುತ್ತ ಇತ್ತಂತೆ. ವಿದುರಾಶ್ವತ್ಥದ ಸಾವಿರಾರು ನಾಗರಕಲ್ಲುಗಳ ನೆರೆಯಲ್ಲಿ ನಿಂತು ಇಂಥ ಮಾತನ್ನು ತಳ್ಳಿಹಾಕುವ ಧೈರ್ಯ ಯಾರಿಗಿದೆ? ಎಚ್. ನರಸಿಂಹಯ್ಯನವರಿಗಿತ್ತು. ಇದೇ ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿ, ಪ್ರಶ್ನಿಸದೆ ಏನನ್ನೂ ಒಪ್ಪಬೇಡಿ ಎಂದು ಜೀವನಪೂರ್ತಿ ಹೇಳಿದರು. ಆದರೆ ಅವರು ಬ್ರಹ್ಮಚಾರಿ, ಅತ್ತೆ ಇರಲಿಲ್ಲ. ಮನೆಯ ತಾಪತ್ರಯವೂ ಇರಲಿಲ್ಲ. ಬಸವನಗುಡಿಯ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲೇ ದಶಕಗಳನ್ನು ಕಳೆದರು. ಕಟ್ಟುವುದೂ ಅಲ್ಲದ, ಕೊಳ್ಳುವುದೂ ಅಲ್ಲದ ಈ ಮೂರನೆಯ ದಾರಿಯನ್ನು ನಾನು ಮನೆಯಲ್ಲಿ ಪ್ರಸ್ತಾಪಿಸಲು ಹೋಗಲಿಲ್ಲ.

ಚಿಂತಾಮಣಿಯ ಮನೆಗೆ ಮಾತ್ರ ಇಬ್ಬರೂ ಒಪ್ಪಿದೆವು. ಅಣ್ಣತಮ್ಮಂದಿರು ಸಹಿ ಹಾಕಲು ಪೆನ್ನು ಹಿಡಿದೇ ಕೂತಿದ್ದರು. "ತಂಗಿ ಕೈವಾರಕ್ಕೆ ಹೋಗಿದ್ದಾಳೆ, ಬಂದುಬಿಡಲಿ" ಎಂದರು. ಕೈವಾರ ಅದೇ ತಾಲ್ಲೂಕಿನಲ್ಲಿದೆ. ತಾತಯ್ಯನವರ ದರ್ಶನ ಮುಗಿಸಿ, ಬೆಟ್ಟ ಹತ್ತಿ ಇಳಿದರೂ ಸಂಜೆಗೆ ಬಂದುಬಿಡಬಹುದು. ಆಕೆ ಇನ್ನೂ ಬಂದಿಲ್ಲ. ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳಿಗೂ ಸಮಪಾಲು ಎಂಬುದನ್ನು ಅಣ್ಣಂದಿರು ಮರೆತಿದ್ದರು, ಆಕೆ ಮರೆತಿರಲಿಲ್ಲ. "ಅವಳು ಮಾಡಿದ್ದೇ ಸರಿ" ಎಂದಳು ನನ್ನ ಹೆಂಡತಿ. ಎಂದವಳೇ ತನ್ನ ತಮ್ಮನಿಗೆ ಫೋನ್ ಹಚ್ಚಿದಳು.

ನಾವು ಹೀಗೆ ದಿಕ್ಕು ಎಣಿಸುತ್ತಿರುವಾಗಲೇ 2025ರ ಆಗಸ್ಟ್ ಕೊನೆಗೆ ಸರ್ಕಾರ ನೋಂದಣಿ ಶುಲ್ಕವನ್ನು ಶೇ 1ರಿಂದ ಶೇ 2ಕ್ಕೆ ಏರಿಸಿತು. ಟೀ ಅಂಗಡಿಯವನು ಸಂತಾಪ ಸೂಚಿಸಿ, ಟೀಗೆ ಮಾಮೂಲಿ ದುಡ್ಡೇ ತೆಗೆದುಕೊಂಡ.

ಇಷ್ಟರಲ್ಲಿ ನಮ್ಮ ಬಾಡಿಗೆ ಮನೆಯ ಓನರು ಬಂದು ಕೂತರು. ಮಗ ಅಮೆರಿಕದಲ್ಲೇ ನಿಂತನಂತೆ. "ಬೇರೆ ಯಾರಿಗೋ ಕೊಡೋದಕ್ಕಿಂತ ನೀವೇ ತಗೊಳ್ಳಿ ಸಾರ್, ನಿಮ್ಮ ಮನೆ ಅಂತಲೇ ಇಟ್ಟುಕೊಂಡಿದ್ದೀರಿ." ನನಗೆ ಹೋದ ಜೀವ ಬಂದಂತಾಯಿತು. ಹೆಂಡತಿ ಕಾಫಿ ಕೊಟ್ಟು ಒಳಗೆ ಹೋದವಳು ಬಹಳ ಹೊತ್ತು ಬರಲಿಲ್ಲ. ಅವರನ್ನು ಕಳಿಸಿ ನೋಡಿದರೆ, ಅಳತೆ ಟೇಪಿನ ಒಂದು ತುದಿಯನ್ನು ಒಲೆಕಟ್ಟೆಗೆ ಒತ್ತಿ ಹಿಡಿದು ನಿಂತಿದ್ದಳು.

"ಏನ್ರೀ ಇದು? ಇಷ್ಟು ಇಕ್ಕಟ್ಟಿನ ಅಡುಗೆಮನೆ! ಮುಂಬಾಗಿಲು ಬೇರೆ ದಕ್ಷಿಣಕ್ಕಿದೆ. ಇಂಥ ಮನೆಯಲ್ಲಿ ಯಾರಾದರೂ ಇರ್ತಾರಾ?"