ಏಕಾಹ್ನಿಕ ಖಾಸಗಿ ಗಿರಿದೇಗುಲಾನುಸಂಧಾನ: ಒಂದು ತಾತ್ವಿಕ ಪ್ರವೇಶಿಕೆ

ಇಂದಿರಾನಗರದ ನೂರಡಿ ರಸ್ತೆಯಿಂದ ಬೆಳಗ್ಗೆ ಆರಕ್ಕೆ ಹೊರಟು, ಅಂತರಗಂಗೆ, ಕೋಲಾರಮ್ಮ, ಕುರುಡುಮಲೆ, ಆವನಿಗಳನ್ನು ಮುಗಿಸಿ, ಕತ್ತಲಾದ ಮೇಲೆ ಅದೇ ರಸ್ತೆಯಲ್ಲಿ ಕಾರು ನಿಲ್ಲಿಸಲು ಜಾಗ ಹುಡುಕುವ ಕ್ರಿಯೆಯೇ ಪ್ರಸ್ತುತ ಅಧ್ಯಯನದ ವಸ್ತು. ಹಿಂದಿನವರು ಇದನ್ನು 'ಕೋಲಾರದ ಕಡೆ ಹೋಗಿ ಬಂದ್ವಿ' ಎಂದು ಹೇಳಿ ಸುಮ್ಮನಾಗುತ್ತಿದ್ದರು. ಅಷ್ಟು ಸರಳವಾಗಿ ಹೇಳಿದರೆ ತಲೆಗೆ ಸಾವಿರಾರು ರೂಪಾಯಿ ವಸೂಲು ಮಾಡಲಾಗದು. ಆದ್ದರಿಂದ ಅನುಸಂಧಾನ, ಸಂಕಥನ, ಪರಿಪ್ರೇಕ್ಷ್ಯ ಮುಂತಾದ ಪರಿಕರಗಳ ಅಗತ್ಯ ಬಿದ್ದಿದೆ ಎಂಬುದು ನಮ್ಮ ಮೂಲ ಪ್ರಮೇಯ.

ಮೊದಲಿಗೆ ಖಾಸಗಿತನದ ಲಕ್ಷಣ. ಕೆ.ಆರ್. ಪುರಂನಲ್ಲಿ ಕೋಲಾರದ ಕೆಂಪು ಬಸ್ಸು ಹತ್ತಿದರೆ ಅದು ಪ್ರಯಾಣ. ಅದೇ ರಸ್ತೆಯಲ್ಲಿ, ಅದೇ ಬಸ್ಸಿನ ಹಿಂದೆ, ಗಾಜು ಏರಿಸಿಕೊಂಡು ಕೂತರೆ ಅದು ಅನುಭವ. ಬಸ್ಸಿನಲ್ಲಿ ಪಕ್ಕದ ಸೀಟಿನವರು ಯಾವ ಗುಡಿ ಎಷ್ಟು ಹೊತ್ತಿಗೆ ಬಾಗಿಲು ಹಾಕುತ್ತದೆಂದು ಪುಕ್ಕಟೆ ಹೇಳಿಬಿಡುವ ಅಪಾಯವಿದೆ. ಖಾಸಗಿ ವಾಹನದಲ್ಲಿ ಈ ಅಪಾಯವನ್ನು ಪೂರ್ತಿ ನಿವಾರಿಸಲಾಗಿದೆ. ಬಾಗಿಲು ಹಾಕಿದೆಯೆಂಬುದು ಬಾಗಿಲ ಮುಂದೆ ನಿಂತಾಗಲೇ ತಿಳಿಯುತ್ತದೆ.

ಇನ್ನು ಮಾರ್ಗಮೀಮಾಂಸೆ. ಹಲಸೂರಿನ ಸೋಮೇಶ್ವರ ದೇವಸ್ಥಾನ ಹೊರಡುವ ಜಾಗದ ಪಕ್ಕದಲ್ಲೇ ಇದೆ. ಎತ್ತರದ ಗೋಪುರ, ಕೆತ್ತನೆಯ ಕಂಬಗಳು, ಎಲ್ಲವೂ ಇವೆ. ಆದರೆ ಅಲ್ಲಿ ಇಳಿಯುವಂತಿಲ್ಲ. ಮನೆಯ ಹತ್ತಿರವೇ ಇರುವುದರಿಂದ ಅದು ಪ್ರಾಚೀನವಲ್ಲ. ಶಾಸ್ತ್ರದ ಪ್ರಕಾರ ಪ್ರಾಚೀನತೆ ಶುರುವಾಗುವುದು ಟೋಲ್ ದಾಟಿದ ಮೇಲೆ. ಟಿನ್ ಫ್ಯಾಕ್ಟರಿಯಿಂದ ಕೆ.ಆರ್. ಪುರಂ ತೂಗುಸೇತುವೆಯವರೆಗಿನ ಅವಧಿಯನ್ನು 'ನಿಶ್ಚಲ ಚಲನೆಯ ಸಂಕಥನ' ಎಂದು ಗುರುತಿಸಬಹುದು. ಹೊಸಕೋಟೆಯಲ್ಲಿ ನಸುಕಿಗೇ ದಮ್ ಬಿರಿಯಾನಿಗೆ ಸಾಲು ನಿಂತವರು ತಮ್ಮ ಕ್ರಿಯೆಗೆ ಯಾವ ಹೆಸರನ್ನೂ ಇಟ್ಟಿಲ್ಲ. ಅವರಿಗೆ ನಿಜವಾಗಿಯೂ ಹಸಿವಾಗಿತ್ತೆಂದು ಇದರಿಂದ ಊಹಿಸಬಹುದು.

ಯಾತ್ರಿಕರಲ್ಲಿ ಐದು ವರ್ಗ. ಒಂದು, ಛಾಯಾಗ್ರಾಹಿ: ದೇವರಿಗೆ ಬೆನ್ನು ಹಾಕಿ ದೇವರೊಂದಿಗೆ ಫೋಟೊ ತೆಗೆಸಿಕೊಳ್ಳುವವರು. ಎರಡು, ತೌಲನಿಕ: ಟೋಕಿಯೊದಿಂದ ನಿಕ್ಕೋಗೆ ಒಂದು ದಿನ ಹೋಗಿಬಂದು, ಅಂದಿನಿಂದ ಏನನ್ನೇ ನೋಡಿದರೂ 'ಅಲ್ಲಿ ಹೀಗಿಲ್ಲ' ಎನ್ನುವವರು. ನಮ್ಮ ವಾಹನದಲ್ಲೂ ಇಂಥ ಮಹನೀಯರೊಬ್ಬರಿದ್ದರು. ಬೆಟ್ಟದ ತಪ್ಪಲಿನ ತೋಶೋಗು ಗುಡಿ, ಅಲ್ಲಿನ ಲಾಯದ ಮೇಲೆ ಕೆತ್ತಿದ ಮೂರು ಕೋತಿಗಳು, ಕೆಟ್ಟದ್ದನ್ನು ನೋಡದ, ಕೇಳದ, ಆಡದ ಅವುಗಳ ಸಂಯಮ, ಇವನ್ನೆಲ್ಲ ಅಂತರಗಂಗೆಯ ಮೆಟ್ಟಿಲುಗಳ ಮೇಲೆ ವಿವರಿಸುತ್ತಿದ್ದರು. ಅಂತರಗಂಗೆಯಿರುವ ಶತಶೃಂಗ ಬೆಟ್ಟದ ಕೋತಿಗಳು ಬೇರೆ ಪರಂಪರೆಯವು. ಅವು ಎಲ್ಲವನ್ನೂ ನೋಡುತ್ತವೆ, ಕೇಳುತ್ತವೆ, ಆಮೇಲೆ ಕೈಚೀಲ ಕಿತ್ತುಕೊಳ್ಳುತ್ತವೆ. ವ್ಯಾಖ್ಯಾನ ಅಲ್ಲಿಗೆ ನಿಂತಿತು. ಉಳಿದ ಮೂರು ವರ್ಗಗಳು ಕಾರಿನಲ್ಲೇ ನಿದ್ದೆ ಹೋಗಿದ್ದರಿಂದ ಅವನ್ನು ಇಲ್ಲಿ ಕೈಬಿಡಲಾಗಿದೆ.

ಮಾರ್ಗದರ್ಶಕನ ಭಾಷಾಸಂಪತ್ತು ಪ್ರತ್ಯೇಕ ಸಂಪುಟಕ್ಕೆ ಅರ್ಹ. ಚೋಳರ ಕಾಲದ ಕೋಲಾರಮ್ಮನ ಗುಡಿಯಲ್ಲಿ ಅವನಿಗೆ 'ಎನರ್ಜಿ' ಕಾಣಿಸಿತು. ಚೇಳಮ್ಮನ ಮುಂದೆ ನೆಲದಲ್ಲೇ ಕೊರೆದ ಹುಂಡಿ ಕಾಣಿಸಲಿಲ್ಲ. ಗೋಡೆಯ ಶಾಸನ ತೋರಿಸಿ ಇದು ಕನ್ನಡವೋ ತಮಿಳೋ ಎಂದು ಒಬ್ಬರು ಕೇಳಿದರು. 'ಹಳೇದು ಮೇಡಂ' ಎಂದ. ಬಿ.ಎಲ್. ರೈಸ್ ಈ ಜಿಲ್ಲೆಯ ಊರೂರಿನ ಶಾಸನಗಳನ್ನು ಓದಿಸಿ, 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೆಯ ಸಂಪುಟವನ್ನು ಕೋಲಾರಕ್ಕೆಂದೇ ಮೀಸಲಿಟ್ಟರು. ಆ ದಪ್ಪ ಪುಸ್ತಕದಲ್ಲಿ ಎಲ್ಲಿಯೂ ನಮ್ಮ ಮಾರ್ಗದರ್ಶಕನ 'ಹಿಡನ್ ಜೆಮ್' ಎಂಬ ಪ್ರಯೋಗ ಸಿಗದು. ಊರಿನವರು ದಿನಾ ದೀಪ ಹಚ್ಚುವ ಗುಡಿ ಯಾರಿಂದ ಅಡಗಿತ್ತು ಸ್ವಾಮಿ?

ಆವನಿಗೆ ಬರೋಣ. ನೊಳಂಬರ ಕಾಲದ ರಾಮಲಿಂಗೇಶ್ವರ ಗುಡಿಗಳ ಗುಂಪು, ಹಿಂದೆ ಬೋಳು ಬಂಡೆಯ ಬೆಟ್ಟ, ಮೇಲೆ ಸೀತೆಯ ಗುಡಿ. ಲವಕುಶರು ಹುಟ್ಟಿದ್ದು ಇಲ್ಲೇ ಎನ್ನುತ್ತಾರೆ. ಹತ್ತನೇ ಶತಮಾನದಲ್ಲಿ ಇಲ್ಲಿನ ಸ್ಥಾನವನ್ನು ನಲವತ್ತು ವರ್ಷ ಆಳಿದ ತ್ರಿಭುವನಕರ್ತನೆಂಬ ಯತಿ ಐವತ್ತು ದೇಗುಲ ಕಟ್ಟಿಸಿದ, ಎರಡು ದೊಡ್ಡ ಕೆರೆ ಕಟ್ಟಿಸಿದ ಎಂದು ಶಾಸನ ಹೇಳುತ್ತದೆ. ಗುಡಿ ಕಟ್ಟಿಸಿದವನ ಲೆಕ್ಕದಲ್ಲಿ ಕೆರೆಯೂ ಸೇರುತ್ತಿತ್ತು. ನಮ್ಮ ಕಾರ್ಯಸೂಚಿಯಲ್ಲಿ ಕೆರೆಗೆ ನಿಮಿಷವೇ ಇರಲಿಲ್ಲ.

ಹಾಗೆಂದು ನಾವು ಕೆರೆಗೆ ಏನನ್ನೂ ಕೊಟ್ಟಿಲ್ಲವೆಂದಲ್ಲ. ಹಲಸೂರು, ಇಂದಿರಾನಗರದ ಬಚ್ಚಲಿನ ನೀರು ಇಳಿಯುವುದು ಕೋರಮಂಗಲ–ಚಲ್ಲಘಟ್ಟ ಕಣಿವೆಗೆ. ಅಲ್ಲಿಂದ ಎರಡು ಹಂತ ಶುದ್ಧೀಕರಿಸಿ, ದಿನಕ್ಕೆ 44 ಕೋಟಿ ಲೀಟರ್‌ನಂತೆ, ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸುವುದು ಕೆ.ಸಿ. ವ್ಯಾಲಿ ಯೋಜನೆ. 2018ರ ಜೂನ್‌ನಲ್ಲಿ ಮೊದಲ ನೀರು ನರಸಾಪುರದ ಕಡೆಯ ಲಕ್ಷ್ಮೀಸಾಗರ ಕೆರೆಗೆ ಬಂತು. ಮುಂದಿನ ತಿಂಗಳೇ ಅಲ್ಲಿ ನೊರೆ ಎದ್ದಿತು, ವಿಷಯ ಹೈಕೋರ್ಟ್ ತಲುಪಿತು. ಅನುಸಂಧಾನವಂತೆ! ನಾವು ಸ್ನಾನ ಮಾಡಿ ಹಣೆಗಿಟ್ಟುಕೊಂಡು ಹೊರಡುವ ಮೊದಲೇ ನಮ್ಮ ಬಚ್ಚಲ ನೀರು ಅದೇ ದಿಕ್ಕಿಗೆ ಯಾತ್ರೆ ಹೊರಟಿರುತ್ತದೆ. ಕೊಳವೆಬಾವಿ ಸಾವಿರ ಅಡಿ ದಾಟಿದ ಜಿಲ್ಲೆಗೆ ಇದೂ ಬೇಕಾಯಿತು. ಅಂತರ್ಜಲ ಏರಿದ್ದೂ ನಿಜ, ಟೊಮೆಟೊ ಬೆಳೆದದ್ದೂ ನಿಜ. ಮೂರನೇ ಹಂತದ ಶುದ್ಧೀಕರಣ ಮಾಡಿಕೊಡಿ ಎಂದು ಅಲ್ಲಿನ ಹೋರಾಟಗಾರರು ಕೇಳುತ್ತಲೇ ಬಂದಿದ್ದಾರೆ. ಅವರ ದೇವರು ನಮಗೆ ವಾರಾಂತ್ಯ, ನಮ್ಮ ಕೊಳಚೆ ಅವರಿಗೆ ವರ್ಷಪೂರ್ತಿ. ಇದಕ್ಕೆ ಯಾವ ಪರಿಪ್ರೇಕ್ಷ್ಯ ಹಚ್ಚಬೇಕೋ ನನಗೆ ಹೊಳೆಯುತ್ತಿಲ್ಲ, ಹೊಳೆದರೂ ಹಚ್ಚುವ ಮನಸ್ಸಿಲ್ಲ.

ಶಾಸ್ತ್ರವನ್ನು ಅರ್ಧಕ್ಕೇ ಬಿಡಬಾರದಾದ್ದರಿಂದ ಭೋಜನಪ್ರಕರಣ. ಮುಳಬಾಗಿಲಿನ ಕಡೆ ಎಲೆ ಹಾಕಿ ಬಡಿಸಿದರು: ಮುದ್ದೆ, ಅನ್ನ, ಟೊಮೆಟೊ ಸಾರು. ಟೊಮೆಟೊ ಇಲ್ಲಿಯದೇನಾ ಎಂದು ನಿಕ್ಕೋದ ಮಹನೀಯರು ವಿಚಾರಿಸಿದರು.

'ಲೋಕಲ್ಲೇ ಸಾರ್, ಕೆರೆ ಬಯಲಿಂದು' ಎಂದ ಬಡಿಸುವ ಹುಡುಗ.

ಬೆಂಗಳೂರಿನಲ್ಲಿ ಈ ರುಚಿ ಎಲ್ಲಿ ಸಿಗಬೇಕು ಎನ್ನುತ್ತ ಅವರು ಇನ್ನೊಂದು ಸೌಟು ಹಾಕಿಸಿಕೊಂಡರು.