ಓದ್ಕೋತಾ ಇದಾರೆ

ಶ್ರೀನಗರದಿಂದ ಬೆಳಿಗ್ಗೆ ರಾಮಾಂಜನೇಯ ಗುಡ್ಡದ ಕಡೆ ವಾಕಿಂಗ್ ಹೊರಟವರಲ್ಲಿ ಎಂ.ಎ. ರಾಯರನ್ನು ಗುರುತಿಸುವುದು ಸುಲಭ. ಉಳಿದವರು ಸಕ್ಕರೆ ಕಾಯಿಲೆ, ಮೊಣಕಾಲು, ಅಮೆರಿಕದ ಮಗ ಎಂದು ಮಾತಾಡುತ್ತಿದ್ದರೆ ಇವರು ಮಾತ್ರ ಇಂಟರ್ನಲ್ಸ್ ಬಗ್ಗೆ ಕೊರಗುತ್ತಿರುತ್ತಾರೆ. ವಯಸ್ಸು ಅರವತ್ತೆರಡು. ಸೇರಿದ್ದು ವಿಜಯಾ ಬ್ಯಾಂಕಿಗೆ, ನಿವೃತ್ತರಾದದ್ದು ಬ್ಯಾಂಕ್ ಆಫ್ ಬರೋಡಾದಿಂದ. 2019ರಲ್ಲಿ ವಿಲೀನವಾದದ್ದು ಏಪ್ರಿಲ್ 1ರಂದು. ‘ಆ ತಾರೀಖು ನೋಡಿ ಯಾರೋ ತಮಾಷೆ ಮಾಡ್ತಿದಾರೆ ಅಂದ್ಕೊಂಡಿದ್ದೆ’ ಅನ್ನುತ್ತಾರೆ. ನಿವೃತ್ತಿಯ ಬೆನ್ನಲ್ಲೇ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಎಂ.ಎ.ಗೆ ದುಡ್ಡು ಕಟ್ಟಿದರು. 1996ರಲ್ಲಿ ಹುಟ್ಟಿದ ಆ ವಿಶ್ವವಿದ್ಯಾನಿಲಯ ಇವರ ಕಿರಿಮಗಳ ಓರಗೆಯದು.

ಸೇರಿದ್ದು ಕನ್ನಡದ ಅಭಿಮಾನಕ್ಕೆ ಎಂಬುದು ಹೊರಗಿನ ಮಾತು. ಒಳಗುಟ್ಟು ಬೇರೆ. ನಿವೃತ್ತನಾದವನಿಗೆ ಮನೆಯಲ್ಲಿ ಹೊಸ ಹುದ್ದೆ ಕಾದಿರುತ್ತದೆ: ಹಾಲು, ಕರೆಂಟ್ ಬಿಲ್ಲು, ಗ್ಯಾಸ್ ಬುಕಿಂಗ್, ಮೊಮ್ಮಗನ ಸ್ಕೂಲ್ ವ್ಯಾನು. ನಮ್ಮ ಮನೆಗಳಲ್ಲಿ ಇದೆಲ್ಲದರಿಂದ ಪೂರ್ತಿ ವಿನಾಯಿತಿ ಇರುವುದು ಪರೀಕ್ಷೆಗೆ ಓದುವ ಮಗುವಿಗೆ ಮಾತ್ರ. ಅದು ಪುಸ್ತಕ ಹಿಡಿದರೆ ಟೀವಿ ಬಂದ್, ಬಾದಾಮಿ ಹಾಲು ಹಾಜರ್, ಬಂದ ನೆಂಟರೂ ಪಿಸುಮಾತಿಗೆ ಇಳಿಯುತ್ತಾರೆ. ಮಕ್ಕಳ ಎಸ್ಸೆಸ್ಸೆಲ್ಸಿ, ಪಿಯುಸಿ, ಸಿಇಟಿ ಕಾಲದಲ್ಲಿ ಈ ರಾಜಭೋಗವನ್ನು ಹತ್ತಿರದಿಂದ ಕಂಡ ರಾಯರು ತಮ್ಮ ಸರದಿಗಾಗಿ ಕಾದಿದ್ದರು.

ಈಗ ರಸ್ತೆಯ ಗಣೇಶನ ಚಂದಾದವರು ಬೆಲ್ ಒತ್ತಿದರೆ ರಾಯರ ಹೆಂಡತಿ ಬಾಗಿಲಲ್ಲೇ ‘ಓದ್ಕೋತಾ ಇದಾರೆ’ ಎಂದು ಸಾಗಹಾಕುತ್ತಾರೆ.

ಓದುವ ಕ್ರಮ ಮಾತ್ರ ಬ್ಯಾಂಕಿನದೇ. ಕೇಶಿರಾಜನ ‘ಶಬ್ದಮಣಿದರ್ಪಣ’ ಅಚ್ಚುಮೆಚ್ಚು. ಸೂತ್ರ, ವೃತ್ತಿ, ಪ್ರಯೋಗ ಎಂದು ಸಾಲಾಗಿ ಬರುವುದರಿಂದ ಹೆಡ್ಡಾಫೀಸಿನ ಸರ್ಕ್ಯುಲರ್ ಓದಿದ ಹಾಗೇ ಇರುತ್ತದಂತೆ. ಪ್ರತಿ ಸೂತ್ರದ ಪಕ್ಕ ಹಸಿರು ಶಾಯಿಯ ಟಿಕ್ಕು, ಪುಟದ ಕೆಳಗೆ ಚಿಕ್ಕ ರುಜು, ತಾರೀಖು. ಅಸೈನ್‌ಮೆಂಟಿನಲ್ಲಿ ಕಾಟು ಹೊಡೆದ ಕಡೆಯೆಲ್ಲ ಪೂರ್ಣ ಸಹಿ. ಶಿಥಿಲದ್ವಿತ್ವ ಬರುವ ಪುಟದ ಅಂಚಿನಲ್ಲಿ ‘ಚರ್ಚಿಸಿ’ ಎಂದು ಷರಾ ಬರೆದಿದ್ದಾರೆ. ಯಾರು, ಯಾರೊಡನೆ ಎಂಬುದಿಲ್ಲ.

ಪಂಪ ಭಾರತವನ್ನು ಆರು ತಿಂಗಳಲ್ಲಿ, ಆದಿಪುರಾಣವನ್ನು ಮೂರೇ ತಿಂಗಳಲ್ಲಿ ಮುಗಿಸಿದನೆಂದು ಒಂದು ಸಂಜೆ ಹೆಂಡತಿಗೆ ಹೇಳಿ ಕೆಟ್ಟರು.

‘ಅವನು ಬರೆದಿದ್ದೇ ಒಂಬತ್ತು ತಿಂಗಳಲ್ಲಿ. ನಿಮಗೆ ಓದೋಕೆ ಎರಡು ವರ್ಷ ಬೇಕಾ?’

‘ಅವನ ಬೆನ್ನಿಗೆ ಅರಿಕೇಸರಿ ಇದ್ದ ಕಣೇ. ನನಗೆ ಯಾರಿದಾರೆ?’

ಅಂದು ರಾತ್ರಿಯ ಕಾಫಿಯನ್ನು ರಾಯರೇ ಮಾಡಿಕೊಂಡರು.

ಪರೀಕ್ಷೆಯ ದಿನ ಹಾಲ್ ಟಿಕೆಟ್ಟನ್ನು ಗುಡ್ಡದ ಆಂಜನೇಯನ ಪಾದಕ್ಕಿಡಿಸಿ, ಇಸ್ತ್ರಿ ಮಾಡಿದ ಬಿಳಿ ಶರ್ಟು ತೊಟ್ಟು ಹೊರಟರು. ಸ್ಕ್ವಾಡ್ ಬಂತೆಂದು ಕೊಠಡಿಯ ಮೇಲ್ವಿಚಾರಕಿ ದಡಕ್ಕನೆ ಎದ್ದು ನಿಂತರು. ಹಿಂದಿನ ಬೆಂಚಿನಿಂದ ಎರಡು ಚೀಟಿ ನೆಲಕ್ಕೆ ಬಿದ್ದವು. ರಾಯರು ಹಳೆಯ ಮ್ಯಾನೇಜರ್ ಗತ್ತಿನಲ್ಲಿ ‘ಕೂತ್ಕೊಳ್ಳಿ, ಕೂತ್ಕೊಳ್ಳಿ’ ಎಂದು ಕೈಯಾಡಿಸಿ, ತಮ್ಮ ನಂಬರ್ ಎಲ್ಲಿದೆ ಎಂದು ಅವರನ್ನೇ ಕೇಳಿದರು.

ಕೊನೆಗೆ ಫಲಿತಾಂಶ ಬಂತು. ಫಸ್ಟ್ ಕ್ಲಾಸು! ರಸ್ತೆಗೆಲ್ಲ ಮೈಸೂರ್‌ಪಾಕು ಹಂಚಿದರು. ಮಾರನೇ ಬೆಳಿಗ್ಗೆಯೇ ಗಾಂಧಿ ಬಜಾರಿನಿಂದ ತರಬೇಕಾದ ತರಕಾರಿಯ ಪಟ್ಟಿಯೂ ಚೀಲವೂ ಮುಂದೆ ಬಂದವು. ರಾಯರು ಗಂಟಲು ಸರಿಮಾಡಿಕೊಂಡು, ಒಂದೇ ಕಾಲಕ್ಕೆ ಎರಡು ಡಿಗ್ರಿ ಓದಲು 2022ರಲ್ಲೇ ಯುಜಿಸಿ ಒಪ್ಪಿದೆಯೆಂದೂ ತಾವು ಇತಿಹಾಸ, ಸಮಾಜಶಾಸ್ತ್ರ ಎರಡಕ್ಕೂ ಅರ್ಜಿ ಹಾಕುವವರಿದ್ದೇವೆಂದೂ ತಿಳಿಸಿದರು.

‘ಧಾರಾಳವಾಗಿ ಹಾಕಿ’ ಎಂದ ಆಕೆ ಒಳಗೆ ಹೋಗಿ ಇನ್ನೊಂದು ಚೀಲ ತಂದುಕೊಟ್ಟರು. ‘ಇದರಲ್ಲಿ ತೆಂಗಿನಕಾಯಿ.’